384 ಕೈಗಳು ಬೇಕಾಗಿವೆ

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಘಟಕಗಳಲ್ಲಿ ದುಡಿಯುವ ಹೆಂಗಸರ ಬದುಕಿನ ಮೇಲೆ ಪಿಎಚ್‌ಡಿ ಮಾಡುವ ಆಸೆಯಿದ್ದರೆ, ಮೊದಲು ಅವರ ಜೊತೆ ಕೂತು ಮಾತಾಡುವ ದುರಭ್ಯಾಸ ಬಿಡಿ. ಹನ್ನೆರಡು ಜನರ ಮನೆಗೆ ವರ್ಷಗಟ್ಟಲೆ ಓಡಾಡಿ, ಅವರ ಮಾತು ಬರೆದುಕೊಂಡು ಸಂಶೋಧನಾ ಸಲಹಾ ಸಮಿತಿ ಮುಂದೆ ನಿಂತಿರೋ, ಮೊದಲ ಪ್ರಶ್ನೆಯೇ “ಸ್ಯಾಂಪಲ್ ಎಷ್ಟಮ್ಮಾ?” ಹನ್ನೆರಡು ಅಂದರೆ ಸಮಿತಿಯ ಮುಖಕ್ಕೆ ಸಾವಿನ ಮನೆಯ ಕಳೆ.

“384 ಆಗಲೇಬೇಕು.”

ಯಾಕೆ 384? ಕ್ರೆಜ್ಸಿ, ಮಾರ್ಗನ್ ಎಂಬಿಬ್ಬರು 1970ರಲ್ಲಿ ಪ್ರಕಟಿಸಿದ ಕೋಷ್ಟಕದ ಕೊನೆ ಸಾಲು ಅದು. ಹತ್ತು ಲಕ್ಷ ಜನರಿದ್ದರೆ ಸರ್ವೆಗೆ ಇಷ್ಟು ಮಂದಿ ಸಾಕು ಎಂಬ ಲೆಕ್ಕ. ಅದು ಎಣಿಸುವವರಿಗೆ, ಕೇಳಿಸಿಕೊಳ್ಳುವವರಿಗಲ್ಲ ಎಂದು ವಾದಿಸಬೇಡಿ. ಸಂದರ್ಶನಗಳಲ್ಲಿ ಹೊಸದೇನೂ ಸಿಗದಾದಾಗ ನಿಲ್ಲಿಸಬಹುದು ಅಂತ ಸಮಾಜಶಾಸ್ತ್ರಜ್ಞರಾದ ಗ್ಲೇಸರ್, ಸ್ಟ್ರಾಸ್ 1967ರಲ್ಲೇ ಬರೆದಿದ್ದಾರೆ ಅಂತಲೂ ಬಾಯಿಬಿಡಬೇಡಿ. ನಮ್ಮ ಗೈಡುಗಳು ಆ ಹಂತವನ್ನು ನಿಮ್ಮ ಅಧ್ಯಾಯದ ಎರಡನೇ ಪುಟದಲ್ಲೇ ಮುಟ್ಟಿರುತ್ತಾರೆ.

ಪಾಪ, ಅವರನ್ನು ದೂರಿ ಏನು? ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರಿಗೆ ಏಕಕಾಲಕ್ಕೆ 8 ಜನ ಸಂಶೋಧಕರಿರಬಹುದು. ಮೇಲೆ ಕಾಲೇಜಿಗೆ ಗ್ರೇಡು ಕೊಡುವ ನ್ಯಾಕ್‌ನ ಕಡತ, ಮೌಲ್ಯಮಾಪನ, ಮದುವೆ ಸೀಸನ್ನು. ಹಾಗಾಗಿ ಮಾರ್ಗದರ್ಶನವೆಂದರೆ ವಾಟ್ಸಾಪಿನ ಹೆಬ್ಬೆರಳು. ಅಪ್ಪಿತಪ್ಪಿ ಓದಿದರೆ, “ಕತೆ ಥರಾ ಇದೆ, ನಾಲ್ಕು ಟೇಬಲ್ ಹಾಕು.”

ಟೇಬಲ್ ಬೇಕೆಂದರೆ ಪ್ರಶ್ನಾವಳಿ ಬೇಕು. “ಬಿಸಿನೀರಲ್ಲಿ ಕೈ ಅದ್ದಿ ದುಡಿಯುವ ಬಗ್ಗೆ ನಿಮಗೆ: ತುಂಬಾ ತೃಪ್ತಿ, ತೃಪ್ತಿ, ತಟಸ್ಥ, ಅತೃಪ್ತಿ, ತುಂಬಾ ಅತೃಪ್ತಿ?” ಗೂಡಿನ ಎಳೆ ಹುಡುಕುತ್ತಿದ್ದ ಹೆಂಗಸು ಬೆಂದು ಬಿಳಿಚಿದ ಅಂಗೈ ಮುಂದೆ ಚಾಚಿ “ಇದ್ಕೆ ಯಾವುದು ಹಾಕ್ಕೊಂತೀಯೋ ಹಾಕ್ಕೋ ತಾಯಿ” ಅಂದರೆ, ನೀವು ತಟಸ್ಥ ಎಂದು ಗುರುತು ಹಾಕತಕ್ಕದ್ದು. ಅರ್ಧ ಕನ್ನಡ, ಅರ್ಧ ತೆಲುಗಲ್ಲಿ ಆಕೆ ಮಾಲೀಕನಿಗೆ ಹಾಕಿದ ಹಿಡಿಶಾಪ ‘ಇತರೆ’ ಕಾಲಮಿಗೆ. ಹೀಗೆ 384 ಅಂಗೈಗಳಾದ ಮೇಲೆ, ಎರಡು ಸಂಗತಿಗಳಿಗೆ ನಂಟಿದೆಯೇ ಎಂದು ಲೆಕ್ಕ ಹಾಕುವ ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆ. ವಯಸ್ಸಿಗೂ ತೃಪ್ತಿಗೂ ಗಣನೀಯ ಸಂಬಂಧವಿಲ್ಲ ಎಂಬ ಮಹತ್ವದ ಶೋಧನೆ. ಸಮಿತಿಗೆ ಪರಮಾನಂದ.

ಇಷ್ಟಾದರೂ ಆ ಹನ್ನೆರಡು ಜನರ ಮಾತು ಬಿಸಾಕಲು ನಿಮಗೆ ಮನಸ್ಸು ಬಾರದಿದ್ದರೆ, ಗೈಡ್ ಕರುಣಾಮಯಿ:

“ಅನುಬಂಧಕ್ಕೆ ಹಾಕಿಬಿಡಮ್ಮಾ. ಅದನ್ನ ಯಾರೂ ಓದಲ್ಲ, ವೈವಾದಲ್ಲಿ ತೊಂದ್ರೆ ಬರಲ್ಲ.”