ಮೊದಲ ದೋಸೆಯ ವೇದಾಂತ

ಮೊದಲ ದೋಸೆ ಕಾವಲಿಗೆ ಕಚ್ಚಿಕೊಂಡರೆ ಸಾಕು, ‘ಬದುಕೂ ಹೀಗೇ, ಮೊದಲ ಸೋಲಿಗೆ ಎದೆಗುಂದಬಾರದು’ ಅಂತ ವೇದಾಂತ ಶುರು. ಬದುಕಿನ ಪಾಠ ಅಲ್ಲ ಮಾರಾಯ್ರೇ, ಅದು ಕಾವಲಿಯ ತಕರಾರು! ನಿನ್ನೆ ಅದರಲ್ಲೇ ಚಪಾತಿ ಬೇಯಿಸಿ, ಆಮೇಲೆ ಸೋಪು ಹಾಕಿ ಗಸಗಸ ತಿಕ್ಕಿದರೆ ಕಬ್ಬಿಣಕ್ಕೆ ಹಿಡಿದ ಎಣ್ಣೆಯ ಪದರ ಉಳಿಯುತ್ತಾ? ಫ್ರಿಜ್ಜಿನ ತಣ್ಣನೆ ಹಿಟ್ಟು ಸುರಿದರೂ ಕಾವು ಇಳಿದು ಅಂಟುತ್ತೆ, ಮೊದಲೇ ಹೊರಗಿಡಿ. ಚಿಮುಕಿಸಿದ ನೀರು ಚುಂಯ್ ಅಂತ ಆರಬೇಕು, ಸುಮ್ಮನೆ ಕೂತರೆ ಕಾದಿಲ್ಲ. ಅತಿಯಾಗಿ ಕಾದರೋ, ಹಿಟ್ಟು ಸೌಟಿನ ಜೊತೆಗೇ ಸುತ್ತಿಕೊಂಡು ಬರುತ್ತೆ. ಆಗ ಉರಿ ತಗ್ಗಿಸಿ, ನೀರು ಚಿಮುಕಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ. ಮೊದಲನೆಯದೇ ಗರಿಗರಿಯಾಗಿ ಎದ್ದು ಬರುತ್ತೆ. ಆಗಲೂ ಏಳದಿದ್ದರೆ ಉದ್ದು ಜಾಸ್ತಿಯಾಗಿರಬಹುದು: 1 ಲೋಟಕ್ಕೆ 3-4 ಲೋಟ ಅಕ್ಕಿ ಇರಲಿ.