ಯಕ್ಷರಂಗದ ತೀರ್ಪು ಮತ್ತು ವಾಲಿಯ ಮಾತು

ಹಲವರು ಕೂಡಿ ಕಟ್ಟಿದ ಕಲಾಕೃತಿಯ ಕೃತಿಸ್ವಾಮ್ಯ ಯಾರದೆಂಬ ಮಾತು ಬಂದಾಗಲೆಲ್ಲ ನನಗೆ ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಕಟ್ಟಿದ ‘ಯಕ್ಷರಂಗ’ದ ವ್ಯಾಜ್ಯ ನೆನಪಾಗುತ್ತದೆ. 2001ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಅನುಮತಿಯಿಲ್ಲದೆ ಆಡಿಸಲಾಯಿತೆಂದು, ಕಾರಂತರ ಉಯಿಲಿನಿಂದ ಹಕ್ಕು ಪಡೆದವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೇಲೆ ದಾವೆ ಹೂಡಿದರು. ಯಕ್ಷಗಾನ ಕೇಂದ್ರ ತನ್ನದು, ಕಾರಂತರು ಅದರ ನಿರ್ದೇಶಕರಾಗಿದ್ದವರು, ಹಾಗಾಗಿ ಹಕ್ಕೂ ತನ್ನದೇ ಎಂಬ ಸಂಸ್ಥೆಯ ವಾದ ನಿಲ್ಲಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಉಯಿಲಿನ ಹಕ್ಕನ್ನೇ ಎತ್ತಿಹಿಡಿದು, ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನ ವಿನಾಯಿತಿಗಳು ಅನ್ವಯಿಸುವ ಕಡೆ ಮಾತ್ರ ಸಂಸ್ಥೆ ಪ್ರದರ್ಶನ ನೀಡಬಹುದೆಂದಿತು.

ಹಣ ಮತ್ತು ಜಾಗ ಕೊಟ್ಟ ಮಾತ್ರಕ್ಕೆ ಯಾರೂ ಕರ್ತೃವಾಗುವುದಿಲ್ಲವಾದ್ದರಿಂದ ಈ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ನನ್ನನ್ನು ಕಾಡುವುದು ಬೇರೆ. ಮಾತನ್ನು ಬಹುಮಟ್ಟಿಗೆ ಕಳಚಿ, ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದ ಕಲ್ಪನೆ ಕಾರಂತರದೇ. ಆದರೆ ಆ ಕಲ್ಪನೆಗೆ ತಾಲೀಮಿನಲ್ಲಿ ದನಿ ಕೊಟ್ಟ ಭಾಗವತರೂ ಬಿಡ್ತಿಗೆ ಎಂಬ ಲಯದ ನುಡಿತಗಳನ್ನು ಕೂಡಿಸಿದ ಮದ್ದಳೆಗಾರರೂ ಈ ವ್ಯಾಜ್ಯದಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ. 1957ರ ಕಾಯ್ದೆಯ ಪ್ರಕಾರ ಒಬ್ಬರ ಪಾಲನ್ನು ಇನ್ನೊಬ್ಬರದರಿಂದ ಬೇರ್ಪಡಿಸಲಾಗದಂತೆ ಬೆರೆತಿದ್ದರಷ್ಟೇ ಅದು ಜಂಟಿ ಕೃತಿ. ಮದ್ದಳೆಯ ಪೆಟ್ಟು ಮದ್ದಳೆಯದೆಂದು ಯಾರಿಗೂ ಗೊತ್ತಾಗುತ್ತದೆ; ಆದ್ದರಿಂದ ನುಡಿಸಿದವರಿಗೆ ಉಳಿಯುವುದು ಪ್ರದರ್ಶಕರ ಹಕ್ಕು, ಅದೂ 50 ವರ್ಷಕ್ಕೆ.

ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು-ಮಾತುಗಳಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಈ ಗೆರೆಯೇ ಅಳಿಸಿಹೋಗುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮೂರ ದೇವಸ್ಥಾನದಲ್ಲಿ ‘ವಾಲಿ ವಧೆ’ ನಡೆದಾಗ, ವಾಲಿಯ ಅರ್ಥ ಹೇಳಿದ, ಎಂದರೆ ಪದ್ಯದ ಮೇಲೆ ವಾಲಿಯಾಗಿ ಮಾತಾಡಿದ, ಹಿರಿಯರು ಒಂದೇ ಪದ್ಯಕ್ಕೆ ಮುಕ್ಕಾಲು ಗಂಟೆ ಮಾತಾಡಿದರು. ನಡುವೆ ರಾಮನ ಅರ್ಥಧಾರಿ ಹಾಕಿದ ಒಂದು ಪ್ರಶ್ನೆಯಿಂದ ವಾದ ಬೇರೆಯೇ ದಾರಿ ಹಿಡಿಯಿತು. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಅಂದಿನ ಮಾತು ಅಂದೇ ಹುಟ್ಟಿದ್ದು, ಇಬ್ಬರ ನಡುವೆ ಹುಟ್ಟಿದ್ದು. ಆ ಪ್ರಶ್ನೆಯನ್ನು ತೆಗೆದರೆ ವಾಲಿಯ ಉತ್ತರಕ್ಕೆ ಆಧಾರವೇ ಇಲ್ಲ. ನಿಜವಾದ ಜಂಟಿ ಕೃತಿ ಎಂದರೆ ಇದೇ ಅಲ್ಲವೇ?

ಕಂಬಕ್ಕೆ ಕಟ್ಟಿದ್ದ ಮೊಬೈಲಿನಲ್ಲಿ ದಾಖಲಾದ ಆ ಮಾತು ಮರುವಾರ ಯೂಟ್ಯೂಬಿಗೆ ಬಂತು, ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂಬ ಸಾಲಿನೊಂದಿಗೆ, ಅರ್ಥಧಾರಿಗಳ ಹೆಸರಿಲ್ಲದೆ. ರೆಕಾರ್ಡಿಂಗಿನ ಹಕ್ಕು ಅದನ್ನು ಮಾಡಿದವರಿಗೆ ಇರಬಹುದು, ಮಾತಿನ ಹಕ್ಕು ಅದರೊಂದಿಗೆ ಹೋಗುವುದಿಲ್ಲ. ಸಾರ್ವಜನಿಕ ಭಾಷಣದ ಮೊದಲ ಒಡೆಯ ಭಾಷಣ ಮಾಡಿದವನೇ ಎಂದು 17ನೇ ಸೆಕ್ಷನ್ ಹೇಳುತ್ತದೆ. ಅರ್ಥಗಾರಿಕೆಯನ್ನೂ ಅದರೊಳಗೆ ಸೇರಿಸಿ ಓದಬೇಕೆಂಬುದು ನನ್ನ ಅಭಿಪ್ರಾಯ, ವಕೀಲರು ಬೇಕಾದರೆ ಜಗಳಕ್ಕೆ ಬರಲಿ.

ಈಗ ನಮ್ಮ ಸಂಘದಲ್ಲಿ ಕೂಟಕ್ಕೆ ಮುಂಚೆ, ಚಹಾದ ಹೊತ್ತಿಗೆ, ಅರ್ಧ ಹಾಳೆಯಲ್ಲಿ ಯಾರ ಅರ್ಥ, ಯಾರ ಪದ್ಯ, ರೆಕಾರ್ಡಿಂಗ್ ಎಲ್ಲಿಯವರೆಗೆ ಹೋಗಬಹುದು ಎಂದು ಬರೆದು ಎಲ್ಲರ ಸಹಿ ಪಡೆಯುತ್ತೇವೆ. ಮೊದಲ ಸಲ ಭಾಗವತರು ಹಾಳೆ ನೋಡಿ ನಕ್ಕರು: “ಪದ್ಯ ಪಾರ್ತಿಸುಬ್ಬನದ್ದು ಮಾರಾಯ್ರೆ, ರಾಗ ಮಾತ್ರ ನನ್ನದು.” ಹಾಗೆಯೇ ಬರೆದುಕೊಂಡೆವು.