ಅಂಕ ಸಾಕು, ಕೈ ಪಳಗುವುದು ಯಾವಾಗ?

ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಗಳಿಸಿದವರು ಎಂ.ಎಸ್ಸಿ. ಇಲ್ಲದೆಯೇ ಪಿಎಚ್.ಡಿ. ಸೇರಬಹುದೆಂಬ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮವನ್ನು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಸ್ವಾಗತಿಸಿದ್ದಾರೆ. ಪುಣೆಯ ಪ್ರಯೋಗಾಲಯವೊಂದರಲ್ಲಿ ಜೀವಕೋಶಗಳನ್ನು ಬೆಳೆಸುತ್ತ ವರ್ಷಗಳನ್ನು ಕಳೆದ ನನಗೆ ಅಷ್ಟು ಉತ್ಸಾಹವಿಲ್ಲ. ಬೂಷ್ಟು ಹತ್ತುತ್ತಿರುವ ಕಲ್ಚರನ್ನು (ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನು) ಮೊದಲ ನೋಟಕ್ಕೇ ಗುರುತಿಸುವುದಾಗಲಿ, ಡಿಎನ್ಎಯನ್ನು ನಕಲಿಸಿ ಹೆಚ್ಚಿಸುವ ಪಿಸಿಆರ್ ಕೈಕೊಟ್ಟಾಗ ದೋಷ ಆ ನಕಲನ್ನು ಶುರುಮಾಡುವ ಚೂರಾದ ಪ್ರೈಮರಿನದೋ ಡಿಎನ್ಎ ಮಾದರಿಯದೋ ಎಂದು, ಹೋಲಿಕೆಗಾಗಿ ಕಂಟ್ರೋಲ್‌ಗಳನ್ನಿಟ್ಟು ಬಿಡಿಸಿ ನೋಡುವುದಾಗಲಿ ಪ್ರವೇಶ ಪರೀಕ್ಷೆಯ ಓದಿನಿಂದ ಬರುವಂಥದ್ದಲ್ಲ. ವಿಜ್ಞಾನ ಶಿಕ್ಷಣ, ಸಂಶೋಧನೆಯ ಸಂಸ್ಥೆಯಾದ ಐಸರ್ ಪುಣೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಯಲ್ಲಿ ಪದವೀಧರರು ಮೊದಲು ಎಂ.ಎಸ್. ಮಟ್ಟದ ಪಾಠ, ಪ್ರಯೋಗಗಳನ್ನು ಮುಗಿಸಿಯೇ ಸಂಶೋಧನೆಗಿಳಿಯುತ್ತಾರೆ. ನನಗೆ ಅದೇ ಸರಿಯಾದ ದಾರಿಯೆನಿಸುತ್ತದೆ. ಜೆಆರ್‌ಎಫ್ (ಕಿರಿಯ ಸಂಶೋಧಕರ ಶಿಷ್ಯವೇತನ) ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿಯಾದದ್ದು ಸಂತೋಷವೇ, ಆದರೆ ಅದು ತಿಂಗಳುಗಟ್ಟಲೆ ತಡವಾದಾಗ (ನಮ್ಮ ಮನೆಯೊಡತಿಗೆ ಇದನ್ನು ಮರಾಠಿಯಲ್ಲಿ ವಿವರಿಸಿ ಸೋತಿದ್ದೇನೆ) ಬಾಡಿಗೆ ಕಟ್ಟುವ ಚಿಂತೆಯೇ ಪ್ರಯೋಗದ ಚಿಂತೆಗಿಂತ ದೊಡ್ಡದಾಗುತ್ತದೆ.